ತಾಯಂದಿರ ಕ್ಲಾಸಿನಲ್ಲಿ ಹೋದ ನನ್ನ ಮಾನ

ಇಂಗ್ಲಿಷ್ ಕಲಿಸುವವರ ಮಾನ ಒಂದೇ ಸಲಕ್ಕೆ ಹೋಗುವುದಿಲ್ಲ. ವಾರಕ್ಕಿಷ್ಟು ಅಂತ ಹೋಗುತ್ತದೆ. ಗುಂಡ್ಲುಪೇಟೆ ಪಕ್ಕದ ಹಳ್ಳಿ ಶಾಲೆಗೆ ನಾನು ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಹೋಗುವವಳು. ಮಕ್ಕಳ ಪುಸ್ತಕ ತಾವೂ ಓದಬೇಕೆಂದು ತಾಯಂದಿರು ಕೇಳಿದ್ದಕ್ಕೆ ಸಂಜೆ ನಾಲ್ಕಕ್ಕೆ ಅವರಿಗೊಂದು ಕ್ಲಾಸು ಶುರು ಮಾಡಿದೆ. ಮೂರು ತಿಂಗಳಿಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡುತ್ತಾರೆ, ಮೆಚ್ಚಿದರೆ ಕ್ಲಾಸು ಉಳಿಯುತ್ತದೆ, ಇಲ್ಲದಿದ್ದರೆ ಬೀಗ ಅಂತ ಹೆಡ್‌ಮೇಷ್ಟ್ರು ಮೊದಲೇ ಹೇಳಿದ್ದರು.

೧. ಒಂದು ಮತ್ತು ಹಲವು

ಬಹುವಚನ ಕಲಿಸಲು, ಮನೆಯಿಂದ ಏನಾದರೂ ಒಂದು, ಮತ್ತೇನಾದರೂ ಹಲವು ತನ್ನಿ ಎಂದೆ. ಒಂದು ಟೊಮೆಟೊ, ನಾಲ್ಕು ಬೀನ್ಸ್ ಬಂದರೆ ಸಾಕಿತ್ತು. ಕೇರಳದ ಲಾರಿಗೆ ತರಕಾರಿ ತುಂಬುವ ಊರು ಅದು, ನಾನು ಯೋಚಿಸಬೇಕಿತ್ತು. ಮೂಟೆಗಳೇ ಬಂದವು. ಪಾಠ ಮುಗಿಯಿತು, ವಾಪಸ್ ತೆಗೆದುಕೊಂಡು ಹೋಗಿ ಎಂದರೆ ಒಬ್ಬರೂ ಮುಟ್ಟಲಿಲ್ಲ. ಕಲಿಸುವವರಿಗೆ ಕೊಟ್ಟದ್ದನ್ನು ಹಿಂದಕ್ಕೆ ಇಸಿದುಕೊಂಡರೆ ವಿದ್ಯೆ ಹತ್ತುವುದಿಲ್ಲವಂತೆ. ನಾನು ಎರಡು ಮೂಟೆ ಹೊತ್ತು ಬಸ್ ಹತ್ತಿದಾಗ ಅರ್ಧ ಬಸ್ಸು ನನ್ನನ್ನೇ ನೋಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಒಬ್ಬಳ ಗಂಡ ಗೇಟಿನಲ್ಲಿ ಕಾದಿದ್ದ. "ಮೇಡಮ್ಮಾರೆ, ಆ ಪಾಠವ ಮುಂದ್ಲ ವಾರ ಇನ್ನೊಂದ್ಸಲ ಮಾಡ್ಬುಡಿ. ಕೋಸು ಕೀಳ್ತೀವಿ."

೨. ಯಾರ ಪಾತ್ರೆ?

ಇದು ಇಂಥವರದು ಎಂದು ಇಂಗ್ಲಿಷಿನಲ್ಲಿ ಹೇಳಿಸಬೇಕಿತ್ತು. ಸ್ಟೀಲ್ ಪಾತ್ರೆಗೆಲ್ಲ ಹೆಸರು ಕೊರೆಸುವುದು ನಮ್ಮ ಕಡೆ ರೂಢಿ. ಎಲ್ಲರೂ ಒಂದೊಂದು ಪಾತ್ರೆ ತನ್ನಿ, ಹೆಸರು ಓದಿ ಹೇಳೋಣ ಎಂದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಮೂರನೆಯ ಚೊಂಬಿಗೇ ಜಗಳ ಹತ್ತಿತು. ತಂದವಳೊಬ್ಬಳು, ಚೊಂಬಿನ ಮೇಲಿದ್ದ ಹೆಸರು ಇನ್ನೊಬ್ಬಳ ಅತ್ತೆಯದು, ಮದುವೆ ಮನೆಯಲ್ಲಿ ಕಳೆದುಹೋದದ್ದು. ಇಸಿದುಕೊಂಡ ಪಾತ್ರೆ ಹಿಂದಿರುಗಿಸದಿರುವುದು ನಾಚಿಕೆಗೇಡು ಅಂತ ನಾನು ಕನ್ನಡದಲ್ಲೇ ಉದ್ದಕ್ಕೆ ಭಾಷಣ ಬಿಗಿದೆ. ಅಷ್ಟರಲ್ಲಿ ಅಡುಗೆಯಮ್ಮ, ಶಾಲೆಯ ಬಿಸಿಯೂಟ ಮಾಡಿ ಸಂಜೆ ಈ ಕ್ಲಾಸಿಗೂ ಕೂರುವವಳು, ಮೇಜಿನ ಮೇಲಿದ್ದ ನನ್ನ ಊಟದ ಡಬ್ಬಿ ಎತ್ತಿ ಓದಿದಳು. ಹೆಡ್‌ಮೇಷ್ಟ್ರ ಹೆಂಡತಿಯ ಹೆಸರು. ಗೌರಿ ಹಬ್ಬದಲ್ಲಿ ಅವರ ಮನೆಯಿಂದ ಕಡುಬು ಬಂದ ಡಬ್ಬಿ. ಕಡುಬು ನೆನಪಿತ್ತು, ಡಬ್ಬಿ ಮರೆತಿತ್ತು.

ಬಾಗಿಲಲ್ಲಿ ಹೆಡ್‌ಮೇಷ್ಟ್ರು ನಿಂತಿದ್ದರು. "ಇರ್ಲಿ ಬುಡಿ ಮೇಡಂ. ಇದ್ರ ಜೊತೇದು ಇನ್ನೊಂದು ಮನೇಲದೆ, ಅದ್ನೂ ಕಳಿಸ್ತೀನಿ. ಸೆಟ್ಟಾಗ್ಲಿ."

೩. ಯಾರ ಹೆಂಡತಿ?

ಸಾಹೇಬರು ಬಂದೇ ಬಂದರು. ಕೈಯಲ್ಲಿ ರಿಜಿಸ್ಟರು, ತೆರೆದ ಪೆನ್ನು. ಅಡುಗೆಯಮ್ಮನನ್ನು ಎಬ್ಬಿಸಿ, ನೀನು ಯಾರ ಹೆಂಡತಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಪಕ್ಕದವಳನ್ನು ನೋಡಿದಳು. ಪಕ್ಕದವಳು ನೆಲ ನೋಡಿದಳು. ಇಪ್ಪತ್ತು ಜನರೂ ಸೆರಗು ಬಾಯಿಗಿಟ್ಟು ಕೂತರು. ಕ್ಲಾಸು ಹೋಯಿತಲ್ಲ ಅಂತ ನನಗೆ ರೇಗಿತು. ನಿನ್ನೆ ತಾನೇ ನೆಂಟಸ್ತಿಕೆಯ ಪದಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದೆ, ಮರ್ಯಾದೆ ತೆಗೆದಿರಿ ಎಂದು ಎಲ್ಲರೆದುರು ಬೈದೆ.

ಸಾಹೇಬರು, "ಹಾಗಾದರೆ ನೀವೇ ಒಂದು ಸಲ ಹೇಳಿ ತೋರಿಸಿ ಮೇಡಂ" ಎಂದರು.

ಮುಂದೆ ಬಂದು ನಿಂತೆ. ಐ ಆಮ್ ದ ವೈಫ್ ಆಫ್ ಎನ್ನುವವರೆಗೆ ಬಂದೆ. ಮದುವೆಯಾಗಿ ಹದಿನಾರು ವರ್ಷ, ನಮ್ಮ ಮನೆಯವರ ಹೆಸರನ್ನು ಫಾರಂಗಳಲ್ಲಿ ಬರೆದಿದ್ದೇನೆ, ಬಾಯಿಂದ ಒಂದು ಸಲವೂ ಆಡಿಲ್ಲ. ಗಂಡನ ಹೆಸರು ಹೇಳದ ಹೆಂಗಸರನ್ನು ಈಗಷ್ಟೇ ಬೈದು ನಿಂತವಳೂ ನಾನೇ. ಸಾಹೇಬರ ಪೆನ್ನು ರಿಜಿಸ್ಟರಿನ ಕಡೆ ಬಾಗಿತು.

ಆಗ ಅಡುಗೆಯಮ್ಮ ಗಂಟಲು ಸರಿಮಾಡಿಕೊಂಡು, "ಐ ಆಮ್ ಮೈ ಡಾಟರ್ಸ್ ಫಾದರ್ಸ್ ವೈಫ್, ಸಾರ್" ಎಂದಳು. ಮಗಳ ಅಪ್ಪನ ಹೆಂಡತಿ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಮೇಡಮ್ಮಾರೂ ಅಂಗೇಯ" ಎಂದಳು.

ಸಾಹೇಬರು ನಕ್ಕು, ಕ್ಲಾಸು ಮುಂದುವರಿಯಲಿ ಎಂದು ರುಜು ಹಾಕಿದರು. ಆದರೂ ಮೇಡಂ ಬಾಯಿಂದ ಒಂದು ಸಲ ಕೇಳಬೇಕು ಎಂದು ಕೂತರು. ನನಗೆ ನಾಚಿಕೆಯಲ್ಲಿ ಒಂದು ಪದವೂ ಹೊಳೆಯಲಿಲ್ಲ. ಅಡುಗೆಯಮ್ಮ ಎದ್ದು ಬಂದು ಒಂದೊಂದೇ ಪದ ಹೇಳಿಕೊಟ್ಟಳು, ನಾನು ಕೈಕಟ್ಟಿಕೊಂಡು ಹೇಳಿದೆ. ಮುಗಿದ ಮೇಲೆ ಅವಳು ನನ್ನ ಬೆನ್ನು ತಟ್ಟಿ, "ನಾಳಿಕೆ ಮನೇಲಿ ಓದ್ಕಂಡು ಬನ್ನಿ" ಎಂದಳು.