ಮೇಲೆ ನೋಡುವ ಕೂಸು

ಹೆಂಡತಿ ಕೂಸಿಗೆ ಗ್ರೈಪ್ ವಾಟರ್ ತರಲು ಹೇಳಿದರೆ ಅಂದಪ್ಪ ಗ್ಯಾಸಿನ ಪುಗ್ಗಾ, ಅಂದರೆ ಬಲೂನು, ತಂದ. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ಅವನು ಕಮತಗಿಯ ರಾಚಯ್ಯನವರ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸಿ, ಅವರು ಬೇಡವೆಂದ ಮೇಲೆ ಮಡಚಿಡುವವನು. ರವಿವಾರ ಅಂಗಡಿಯ ಕೆಲಸಕ್ಕೆ ಬಾಗಲಕೋಟೆಗೆ ಹೋದಾಗ, ಪೇಟೆಯಲ್ಲಿ ಒಬ್ಬ ಕೆಂಪು ಪುಗ್ಗಾಗಳ ದಾರ ಹಿಡಿದು ನಿಂತಿದ್ದ. ಅವು ಕೆಳಗೆ ಇಳಿಯದೆ ಅವನ ತಲೆಯ ಮೇಲೆ ತೂಗಾಡುತ್ತಿದ್ದವು. ಅಂದಪ್ಪ ಅಂಥದ್ದನ್ನು ಕಂಡದ್ದೇ ಮೊದಲು. ಗ್ರೈಪ್ ವಾಟರ್ ಮರೆತೇಹೋಯಿತು.

ಸಂಜೆ ಮನೆಗೆ ಬಂದಾಗ ಹೆಂಡತಿ ಸಾವಿತ್ರೆವ್ವ ನೀರಿಗೆ ಹೋಗಿದ್ದಳು. ಮಗುವನ್ನು ಕಾಯಬೇಕಾದ ಪಕ್ಕದ ಮನೆಯ ಮುದುಕಿ ಗುರುಲಿಂಗವ್ವ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಅಂದಪ್ಪ ಹತ್ತು ತಿಂಗಳ ಮಗಳು ನೀಲವ್ವನ ಕೈಗೆ ದಾರ ಕೊಟ್ಟ.

ಆ ದಿನಗಳಲ್ಲಿ ನೀಲವ್ವನಿಗಿದ್ದುದು ಒಂದೇ ಉದ್ಯೋಗ. ಕೈಗೆ ಸಿಕ್ಕಿದ್ದನ್ನು ಬಿಡುವುದು, ಅದು ನೆಲಕ್ಕೆ ಬಿದ್ದುದನ್ನು ಬಗ್ಗಿ ನೋಡುವುದು. ದಾರವನ್ನೂ ಬಿಟ್ಟು ಬಗ್ಗಿ ನೋಡಿದಳು. ನೆಲದ ಮೇಲೆ ಏನೂ ಇರಲಿಲ್ಲ. ಪುಗ್ಗಾ ಜಂತಿಗೆ ಬಡಿದು, ಬೆಳಕಿಂಡಿ ಹುಡುಕಿಕೊಂಡು ಆಕಾಶಕ್ಕೆ ಹೊರಟುಹೋಯಿತು. ಮಗು ಬಾಯಿ ತೆರೆದು, ಎವೆ ಮುಚ್ಚದೆ ಮೇಲೆಯೇ ನೋಡುತ್ತ ಕೂತಿತು.

ಸಾವಿತ್ರೆವ್ವ ಬಂದು ಕೊಡ ಇಳಿಸಿದಳು. "ಗ್ರೈಪ್ ವಾಟರ್ ಎಲ್ರಿ?"

"ಅಂಗಡ್ಯಾಗ ಖಾಲಿ ಆಗಿತ್ತು" ಎಂದ ಅಂದಪ್ಪ. ಪುಗ್ಗಾದ ಸುದ್ದಿಯನ್ನು ನುಂಗಿಕೊಂಡ.

ಸೋಮವಾರ ಬೆಳಿಗ್ಗೆ ನೀಲವ್ವ ಚಮಚ ಬಿಟ್ಟಳು, ಕತ್ತೆತ್ತಿ ಜಂತಿ ನೋಡಿದಳು. ಬಟ್ಟಲು ಬಿಟ್ಟಳು, ಮತ್ತೆ ಜಂತಿ ನೋಡಿದಳು. ಗಿಲಕಿ ಬಿಟ್ಟು ಇನ್ನೂ ಹೆಚ್ಚು ಹೊತ್ತು ನೋಡಿದಳು. ಸಾಮಾನುಗಳೆಲ್ಲ ನೆಲದ ಮೇಲೆ, ಕೂಸಿನ ಕಣ್ಣು ಮಾತ್ರ ಮಾಳಿಗೆಯಲ್ಲಿ.

"ನೋಡ್ರಿಲ್ಲೆ, ಕೂಸು ಹಿಂಗ್ಯಾಕ ಮಾಡಾಕತ್ತೈತಿ?" ಎಂದು ಸಾವಿತ್ರೆವ್ವ ಗಂಡನನ್ನು ಕರೆದಳು.

ಅಂದಪ್ಪ ಬಾಯಿ ತೆರೆಯುವ ಮೊದಲೇ ಗುರುಲಿಂಗವ್ವ ಒಳಗೆ ಬಂದಿದ್ದಳು. "ಜಂತ್ಯಾಗ ಏನೋ ಕುಂತೈತಿ. ಅದು ಕೂಸಿಗಷ್ಟ ಕಾಣಾಕತ್ತೈತಿ" ಎಂದಳು. ಓಣಿಯ ನಾಲ್ಕು ಜನ ಮಾಳಿಗೆ ಹತ್ತಿ ನೋಡಿ ಬಂದರು. ಅಲ್ಲಿ ಒಣಹಾಕಿದ ಮೆಣಸಿನಕಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ಕಂಪೌಂಡರ್ ಬಸಯ್ಯ ಮಗುವಿನ ಕುತ್ತಿಗೆ ಒತ್ತಿ ನೋಡಿ, ನರ ಹೊರಳಿದೆ ಎಂದು ತೀರ್ಮಾನ ಕೊಟ್ಟ. ಅವನ ಕಿಸೆಯ ಥರ್ಮಾಮೀಟರು ಅಷ್ಟರಲ್ಲಿ ನೀಲವ್ವನ ಕೈಗೆ ಬಂದು, ಕೈಯಿಂದ ನೆಲಕ್ಕೆ ಹೋಗಿ ಎರಡಾಯಿತು. ಅವಳು ಜಂತಿ ನೋಡಿದಳು.

ಹತ್ತು ಗಂಟೆಯಾದರೂ ಆಳು ಬರಲಿಲ್ಲವೆಂದು ರಾಚಯ್ಯನವರೇ ಹುಡುಕಿಕೊಂಡು ಬಂದರು. ಕೂಸನ್ನು ಪ್ರೀತಿಯಿಂದ ಎತ್ತಿಕೊಂಡು, ಅದು ಕೈ ಚಾಚಿತೆಂದು ನಶ್ಯದ ಡಬ್ಬಿಯನ್ನು ಕೊಟ್ಟರು. ಡಬ್ಬಿ ನೆಲಕ್ಕೆ ಬಿದ್ದು ಬಾಯಿ ಬಿಟ್ಟಿತು. ಕೂಸು ಮೇಲೆ ನೋಡಿತೆಂದು ಮಂದಿಯೂ ಮೇಲೆ ನೋಡಿದರು. ಮೇಲೆ ನೋಡುತ್ತಲೇ ಎಲ್ಲರೂ ಸೀನಿದರು.

ಸೀನು ನಿಂತ ಮೇಲೆ ಗುರುಲಿಂಗವ್ವ ಅಂದಳು, "ಮರೋಳದ ಅಮಸಿದ್ದಪ್ಪನ್ನ ಕರಸ್ತೇನಿ. ಅರಿಷಿಣ ಕೊಂಬು ಕೆಂಡದಾಗ ಕಾಸಿ ಕುತ್ತಿಗಿಗೆ ಒಂದ ಬರಿ ಹಾಕಿದ್ರ ಕಣ್ಣು ತಾವ ಕೆಳಗ ಬರ್ತಾವ."

ಸಾವಿತ್ರೆವ್ವ ಮಗುವನ್ನು ಅವುಚಿಕೊಂಡು ಅಳತೊಡಗಿದಳು. ಅಂದಪ್ಪ ಅವಳಿಗೆ ಅಡ್ಡ ನಿಂತ. ಇನ್ನು ಸುಮ್ಮನಿರುವಂತಿರಲಿಲ್ಲ.

"ಬರಿ ಬ್ಯಾಡಬೇ ಯವ್ವಾ. ನಿನ್ನಿ ನಾ ಒಂದು ಪುಗ್ಗಾ ತಂದಿದ್ದೆ. ಕೂಸು ಕೈ ಬಿಟ್ಟ ಕೂಡ್ಲೆ ಅದು ಮ್ಯಾಲ ಹೋತು. ಈಗ ಎಲ್ಲಾ ಹಂಗ ಹೋಗ್ತಾವೇನಂತ ಬಿಟ್ಟು ಬಿಟ್ಟು ನೋಡಾಕತ್ತೈತಿ."

"ಹಂಗಾದ್ರ ಗ್ರೈಪ್ ವಾಟರ್ ಖಾಲಿ ಆಗಿದ್ದು?" ಎಂದು ಸಾವಿತ್ರೆವ್ವ ಅಳು ನಿಲ್ಲಿಸಿ ಕೇಳಿದಳು.

"ಪುಗ್ಗಾ ಮ್ಯಾಲ ಹೋತಂತ" ಎಂದಳು ಗುರುಲಿಂಗವ್ವ. "ನಾವೇನು ಪುಗ್ಗಾ ನೋಡಿಲ್ಲೇನು? ಕೈ ಬಿಟ್ರ ಮ್ಯಾಲ ಹೋಗೂದು ಜೀವ ಒಂದ, ತಮ್ಮಾ."

"ಅದರಾಗ ಗ್ಯಾಸ್ ಇತ್ತಬೇ."

"ಗ್ಯಾಸ್ ಆಗೂದು ಹೊಟ್ಟ್ಯಾಗ" ಎಂದ ಬಸಯ್ಯ.

ರಾಚಯ್ಯನವರು ಮೂಗು ಒರೆಸಿಕೊಂಡು ನಡುವೆ ಬಂದರು. "ಸಂಜಿತನಕ ಟೈಮ್ ಕೊಡೂಣು. ಇನ್ನೊಂದು ತಂದು ತೋರಸು, ನಂಬ್ತೇವಿ. ಇಲ್ಲಂದ್ರ ಗುರುಲಿಂಗವ್ವ ಹೇಳಿದಂಗ."

ಅಂದಪ್ಪ ಸಿಕ್ಕ ಬಸ್ಸು ಹತ್ತಿ ಬಾಗಲಕೋಟೆಗೆ ಓಡಿದ. ಇಡೀ ಪೇಟೆ ತಿರುಗಿ ಪುಗ್ಗಾದವನನ್ನು ಹಿಡಿದ. ಮರಳುವ ಬಸ್ಸಿನಲ್ಲಿ ಪುಗ್ಗಾ ಒಮ್ಮೆ ಡ್ರೈವರನ ಕಣ್ಣಿಗೆ ಅಡ್ಡವಾಯಿತು, ಒಮ್ಮೆ ಒಬ್ಬ ಹೆಣ್ಣುಮಗಳ ತುರುಬಿಗೆ ಉಜ್ಜಿತು. ಕಂಡಕ್ಟರ್ ಚಾಂದಸಾಬ, "ಅದನ್ನ ತೊಡಿಮ್ಯಾಲ ಇಟ್ಕೊತೀರೋ, ಇಬ್ರೂ ಇಳೀತೀರೋ?" ಎಂದು ಕೇಳಿದ. ಅಂದಪ್ಪ ಅದನ್ನು ಟವೆಲಿನಲ್ಲಿ ಸುತ್ತಿ, ಬಾಣಂತಿ ಕೂಸನ್ನು ಹಿಡಿದಂತೆ ಎದೆಗೆ ಅವುಚಿಕೊಂಡ. ದಾರಿಯಲ್ಲಿ ಟಯರು ಪಂಕ್ಚರಾಗಿ ಬಸ್ಸು ಎರಡು ತಾಸು ಬಿಸಿಲಲ್ಲಿ ನಿಂತಿತು. ಆಗಲೂ ಅವನು ಟವೆಲು ಬಿಚ್ಚಲಿಲ್ಲ. ಯಾರಾದರೂ ಮುಟ್ಟಿ ಒಡೆದಾರೆಂಬ ಭಯ.

ಹೊತ್ತು ಇಳಿಯುವಾಗ ಓಡುತ್ತ ಮನೆ ಮುಟ್ಟಿದ. ಓಣಿಯೆಲ್ಲ ಅಲ್ಲೇ ಸೇರಿತ್ತು. ಅಮಸಿದ್ದಪ್ಪ ಕೆಂಡದ ಮುಂದೆ ಕೂತು ಅರಿಷಿಣ ಕೊಂಬು ಕಾಯಿಸುತ್ತಿದ್ದ.

"ನೋಡ್ರಿ ಈಗ" ಎಂದು ಅಂದಪ್ಪ ಟವೆಲು ಬಿಚ್ಚಿ ದಾರವನ್ನು ಮಗಳ ಕೈಗಿಟ್ಟ. ನೀಲವ್ವ ಕೇಕೆ ಹಾಕಿ ದಾರ ಬಿಟ್ಟಳು. ಮುಖ ಮೇಲೆತ್ತಿ ಕಾದಳು. ಓಣಿಯೂ ಮುಖ ಮೇಲೆತ್ತಿ ಕಾಯಿತು.

ಎದೆಗೆ ಒತ್ತಿಸಿಕೊಂಡು ದಾರಿಯುದ್ದಕ್ಕೂ ಗ್ಯಾಸು ಸೋರಿದ್ದ ಪುಗ್ಗಾ ಗಾಳಿಯಲ್ಲಿ ಗಳಿಗೆಹೊತ್ತು ಅನುಮಾನಿಸಿ, ಕಾವಿಗೆ ಕೂರುವ ಕೋಳಿಯಂತೆ ಮೆಲ್ಲಗೆ ನೆಲದ ಮೇಲೆ ಕೂತಿತು.

ನೀಲವ್ವ ಮೇಲೆ ಹುಡುಕಿದಳು. ಕೆಳಗೆ ನೋಡಿದಳು. ಪುಗ್ಗಾವನ್ನೇ ದಿಟ್ಟಿಸಿ ಬಹಳ ಹೊತ್ತು ಕೂತಳು. ಆಮೇಲೆ ಚಮಚ ತೆಗೆದುಕೊಂಡು ಬಿಟ್ಟಳು, ಕೆಳಗೆ ನೋಡಿದಳು. ಬಟ್ಟಲು ಬಿಟ್ಟಳು, ಕೆಳಗೆ ನೋಡಿದಳು. ಲೆಕ್ಕ ಸರಿಹೋದವರಂತೆ ನಕ್ಕಳು.

"ಕೂಸು ಚಲೋ ಐತಿ. ಬರಿ ಬ್ಯಾಡ" ಎಂದ ಅಮಸಿದ್ದಪ್ಪ. ಸಾವಿತ್ರೆವ್ವ ಮಗಳನ್ನು ಎತ್ತಿ ಮುದ್ದಿಟ್ಟಳು.

ಅಂದಪ್ಪ ಆಗಲೇ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಅವನಿಂದಾಗಲಿಲ್ಲ. ಪುಗ್ಗಾ ಎತ್ತಿ ಬಿಟ್ಟು, ಮೇಲೆ ನೋಡಿದ. ಅದು ಬಿತ್ತು. ಮತ್ತೆ ಎತ್ತಿ ಬಿಟ್ಟು, ಮತ್ತೆ ಮೇಲೆ ನೋಡಿದ. "ನಿನ್ನಿ ಹೋಗಿತ್ರಿ, ಖರೇನ ಹೋಗಿತ್ತು" ಎನ್ನುತ್ತ ಮೂರನೇ ಸಲ ಜಂತಿ ನೋಡುತ್ತ ನಿಂತ.

ಓಣಿ ಈಗ ಕೂಸನ್ನು ಬಿಟ್ಟು ಅಂದಪ್ಪನನ್ನು ನೋಡಿತು.

"ಕೂಸಿಂದು ಅಪ್ಪಗ ಬಂತು" ಎಂದಳು ಗುರುಲಿಂಗವ್ವ ಮೆಲ್ಲಗೆ.

"ಕೊಂಬು ಹೆಂಗೂ ಕಾದೈತಿ" ಎಂದ ಅಮಸಿದ್ದಪ್ಪ.

ರಾಚಯ್ಯನವರು ಒಂದು ತೋಳು ಹಿಡಿದರು. ಬಸಯ್ಯ ಇನ್ನೊಂದು ಹಿಡಿದ.

ಮುಂದೆ ಎಂಟು ದಿನ ಅಂದಪ್ಪನಿಗೆ ಕತ್ತೆತ್ತಲು ಆಗಲಿಲ್ಲ. ಅಂಗಡಿಯಲ್ಲಿ ನೆಲ ನೋಡುತ್ತಲೇ ಸೀರೆ ಬಿಚ್ಚಿದ, ನೆಲ ನೋಡುತ್ತಲೇ ಮಡಚಿದ. ಅಮಸಿದ್ದಪ್ಪನ ಕೈಗುಣವನ್ನು ಕಮತಗಿಯೆಲ್ಲ ಹೊಗಳಿತು.