ಅಳಿಯ ಮೇಷ್ಟ್ರು ಪಾಠ ಹೇಳೋದು ಕಲಿತದ್ದು

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲು ಮುಂದಕ್ಕೆ ಎಳೀರಿ, ಗೋಡೆಯಾಚೆ ಅವಳಿದ್ದಾಳೆ. ಈಗ ಹೇಳೋದು ನಿಮ್ಮ ಹೊಟ್ಟೆಯಲ್ಲೇ ಇರಬೇಕು. ನಾನೂ ಯಾರಿಗೂ ಹೇಳಿಲ್ಲ. ನಮ್ಮ ಬೀದಿಯವರಿಗೆ, ಬಾವಿ ಹತ್ತಿರ ಸಿಕ್ಕವರಿಗೆ, ಮಗಳ ಮನೆಗೆ ಅಂತ ಕೊಳಾಲಕ್ಕೆ ಹೋದಾಗ ಅಲ್ಲಿಯವರಿಗೆ, ಅಷ್ಟೇ.

ಓದಿದವರಿಗೆ ಪಾಠ ಕಲಿಸೋಕೆ ಹೊರಟರೆ ಇಂಥವು ಆಗ್ತಾನೇ ಇರ್ತವೆ.

ಪಕ್ಕದ ಮನೆಯಾಕೆಗೆ ಒಬ್ಬಳೇ ಮಗಳು. ಗಂಡ ಹೋದ ಮೇಲೆ ಬಟ್ಟೆ ಅಂಗಡಿ ನಡೆಸಿ ಸಾಕಿದ್ದು. ಅಳಿಯ ಮೈಸೂರಿನ ಕಾಲೇಜಿನಲ್ಲಿ ವಿಜ್ಞಾನದ ಮೇಷ್ಟ್ರು. ಹೇಳಿಕೊಳ್ಳೋಕೆ ದೊಡ್ಡದು, ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ಕಾಯಂ ಆಗೋವರೆಗೂ ಸಂಸಾರ ಹೂಡಲ್ಲ ಅಂತ ಹುಡುಗಿಯನ್ನ ತವರಲ್ಲೇ ಬಿಟ್ಟಿದ್ದ. "ಗಂಡ ಬುಟ್ಟವ್ನಂತೆ" ಅಂತ ಊರೆಲ್ಲ ಗುಸುಗುಸು. ಆ ಮಾತು ಎಲ್ಲಿಂದ ಹೊರಟಿತು ಅಂತ ನನ್ನ ಕೇಳಬೇಡಿ.

ಅಷ್ಟರಲ್ಲಿ ಮೈಸೂರಿನ ದೊಡ್ಡವರಿಗೆ ಒಂದು ಯೋಚನೆ ಬಂತು. ಕಾಲೇಜಿನ ಮೇಷ್ಟ್ರುಗಳು ಇಂಗ್ಲೀಷಿನಲ್ಲಿ ಗೋಡೆಗೆ ಪಾಠ ಹೇಳಿ ಹೇಳಿ ಕೆಟ್ಟಿದ್ದಾರೆ, ತಾಲ್ಲೂಕುಗಳಿಗೆ ಹೋಗಿ ಜನರಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಹೇಳಲಿ, ಅವರೂ ಒಂಚೂರು ಕಲೀಲಿ ಅಂತ. ನಮ್ಮ ಅಳಿಯನ ಪಾಲಿಗೆ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ. ಜೊತೆಗೆ ಪರೀಕ್ಷೆ ಮಾಡೋಕೆ ಒಬ್ಬ ಹಿರಿಯ ಮೇಷ್ಟ್ರು. ಅವರು ಸೈ ಅಂದರೆ ಕೆಲಸ ಕಾಯಂ, ಮುಂದೆ ವಿಲಾಯ್ತಿಗೆ ಹೋಗಿ ಓದೋ ಯೋಗವೂ ಉಂಟು. ಊಹೂಂ ಅಂದರೆ ಅಳಿಯ ಊರಿಗೆ, ಹುಡುಗಿ ಗತಿ ದೇವರಿಗೆ.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಬರೋ ಹಾಗಿಲ್ಲ, ಅವನ ಜೊತೆ ಮಾತಾಡೋ ಹಾಗಿಲ್ಲ. ಏನಿದ್ದರೂ ಬಾಗಿಲ ಸಂದಿಯಲ್ಲಿ ನಿಂತು ಮೂರನೆಯವರ ಕೈಲಿ ಹೇಳಿಸಬೇಕು. ಅಳಿಯನಿಗೆ ಅಡುಗೆ ಮಾಡಿ ಹಾಕೋಕೆ ಅಂತ ತಾಯಿ ಮಗಳು ಊರೂರಿಗೆ ಹೊರಟರು. ಮಾತು ದಾಟಿಸೋಕೆ ಒಬ್ಬರು ಬೇಕಲ್ಲ, ಅಂತ ನಾನೂ ಗಂಟು ಕಟ್ಟಿದೆ. ಅವಳು ಕರೆಯಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಮಧುಗಿರಿ: ಏಳದ ಜನ

ಮೊದಲು ನಮ್ಮೂರೇ. ದೇವಸ್ಥಾನದ ಮಂಟಪದಲ್ಲಿ ಸಭೆ. ಗಂಡಸರು ಮುಂದೆ, ನಾವು ಕಂಬದ ಹಿಂದೆ. ಅಳಿಯ ಕೋಟು ಪೇಟ ಹಾಕಿಕೊಂಡು ಗಾಳಿ ವಿಷಯ ಹೇಳಿದ. ಪುಸ್ತಕದ ಕನ್ನಡ. ಒಬ್ಬರಿಗೂ ಒಂದಕ್ಷರ ಇಳೀಲಿಲ್ಲ. ಕೊನೆಗೆ "ಇಲ್ಲಿಗೆ ಮುಗಿಸುತ್ತೇನೆ" ಅಂದ. ಯಾರೂ ಏಳಲಿಲ್ಲ. ಜನಕ್ಕೆ ಇನ್ನೂ ಬೇಕು ಅಂದುಕೊಂಡು ಮತ್ತೆ ಶುರು ಮಾಡಿದ. ಮತ್ತೆ ಮುಗಿಸಿದ. ಊಹೂಂ. ಹರಿಕಥೆ ಕೇಳಿದ ಜನ ಅವರು, ಮಂಗಳ ಹಾಡದೆ ಎದ್ದರೆ ಒಳ್ಳೇದಾಗಲ್ಲ ಅಂತ ಕೂತವರೆ. ಇವನು ಹೊಗಳಿಕೆ ಅಂದುಕೊಂಡು ಗಂಟಲು ಹರ್ಕೊಂತವ್ನೆ.

ಅತ್ತೆ ನನ್ನ ಪಕ್ಕೆ ತಿವಿದಳು. "ಮಂಗಳ ಹಾಡೋಕೆ ಹೇಳೇ ಅಳಿಯಂದ್ರಿಗೆ. ಮನೇಲಿ ಅನ್ನ ಆರೋಯ್ತದೆ."

ನಾನು ಎದ್ದು ಕೂಗಿದೆ. "ಮೇಷ್ಟ್ರೇ, ಮಂಗಳ ಹಾಡಿ! ಜನ ಹೊಲ ಮನೆ ಬುಟ್ಟು ಬಂದವ್ರೆ!"

"ನನಗೆ ಹಾಡು ಬರಲ್ಲವಲ್ಲ" ಅಂದ ಪಾಪ.

ಆಗ ಅವನ ಹೆಂಡತಿಯೇ ಕಂಬದ ಹಿಂದೆ ಮಂಗಳ ಎತ್ತಿದಳು. ಸಭೆ ದಡಬಡ ಎದ್ದು ಕೈ ಮುಗಿದು ಮೇಜಿನ ಮೇಲೆ ಬಾಳೆಹಣ್ಣಿಟ್ಟು ಹೋಯಿತು. ಹಿರಿಯ ಮೇಷ್ಟ್ರು ಅಷ್ಟರವರೆಗೆ ನಿದ್ದೆ ಹೊಡೀತಿದ್ದವರು ಕಣ್ಣುಜ್ಜಿಕೊಂಡು, "ಭೇಷ್! ಮೈಸೂರಿನಲ್ಲಿ ಗಂಟೆ ಹೊಡೆಯೋ ಮೊದಲೇ ಓಡ್ತಾರೆ. ಇಲ್ಲಿ ಕಳಿಸಿದರೂ ಹೋಗಲ್ಲ" ಅಂದರು.

ಕೊರಟಗೆರೆ: ತಂಬಿಗೆಯೊಳಗಿನ ದೀಪ

ಇಲ್ಲಿ ಕಣ್ಣಿಗೆ ಕಾಣೋ ಹಾಗೆ ಏನಾದರೂ ತೋರಿಸು ಅಂದರು ಹಿರಿಯರು. ಸರಿ, ಅಳಿಯ ಮೇಜಿನ ಮೇಲೆ ಹಣತೆ ಹಚ್ಚಿಟ್ಟ. ಶುಭಲಕ್ಷಣ ಅಂತ ಎಲ್ಲರೂ ಕೈ ಮುಗಿದರು. ತೋವಿನಕೆರೆಯಿಂದ ಬಂದಿದ್ದ ಒಬ್ಬ ಗೌಡರು ಎದ್ದು ನಿಂತೇ ಮುಗಿದರು. ಇವನು ಗಾಜಿನ ತಂಬಿಗೆ ತಂದು ದೀಪದ ಮೇಲೆ ಬೋರಲು ಹಾಕಿಬಿಟ್ಟ. ದೀಪ ಕುಣೀತು, ಸಣ್ಣಗಾಯಿತು, ಹೋಯಿತು.

"ನೋಡಿ! ಆರಿತು!" ಅಂತ ನಗ್ತಾ ಚಪ್ಪಾಳೆ ಬೇರೆ ತಟ್ಟಿದ.

ಮನೆಯಲ್ಲಿ ದೀಪ ಆರಿಸು ಅನ್ನೋಕೂ ನಾಲಿಗೆ ಬರಲ್ಲ ನಮಗೆ, ಶಾಂತ ಮಾಡು ಅಂತೀವಿ. ಇವನು ತುಂಬಿದ ಸಭೆಯಲ್ಲಿ, ಮುತ್ತೈದೆಯರ ಮುಂದೆ ಆರಿಸಿ ಹಲ್ಲು ಕಿರೀತಾನೆ!

"ಲೇ, ಯಾರ ಮನೆ ದೀಪ ಅಂದ್ಕಂಡ್ಯಲಾ?" ಅಂದರು ಗೌಡರು. ಅವರು ಹೆಗಲ ಮೇಲಿನ ಟವೆಲ್ ಕೊಡವಿ ಹೊರಟದ್ದೇ ತಡ, ಸಭೆ ಪೂರಾ ಖಾಲಿ. ಇಲ್ಲಿ ಮಂಗಳಕ್ಕೂ ಯಾರೂ ಕಾಯಲಿಲ್ಲ.

ಹಿರಿಯರ ಮುಖ ಹುಳ್ಳಗಾಯಿತು. "ಹೀಗಾದರೆ ಕಷ್ಟ, ಪಾವಗಡದಲ್ಲಿ ಕೊನೆ ಮಾತು ಹೇಳ್ತೀನಿ" ಅಂದರು. ಅತ್ತೆ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ಅತ್ತಳು. "ಅಳಿಯಂದ್ರಿಗೆ ಹೇಳು, ಇನ್ನೊಂದ್ಸಲ ದೀಪದ ತಂಟೆಗೆ ಹೋಗ್ಬ್ಯಾಡಿ ಅನ್ನು."

ನಾನು ಹೋಗಿ ಹೇಳಿದೆ. "ನಿಮ್ಮತ್ತೆ ಹೇಳ್ತವ್ಳೆ, ಇನ್ನೊಂದು ದೀಪ ಮುಟ್ಟಿದ್ರೆ ಒಲೆ ಊದೋ ಕೊಳವೇಲಿ ಬಾರಿಸ್ತಾಳಂತೆ." ಮಾತಿಗೆ ಒಂಚೂರು ಒಗ್ಗರಣೆ ಬೇಡವೇ?

ಸಿರಾ: ಸಾಹೇಬರ ಬೀಡಿ

ದೀಪ ಬೇಡ ಅಂದಮೇಲೆ ಸಿರಾದಲ್ಲಿ ಅಳಿಯ ಮುಂದೆ ಕೂತಿದ್ದ ಜಟಕಾ ಸಾಹೇಬರನ್ನ ಕೇಳಿದ. "ನಿಮ್ಮ ಬೀಡಿ ಒಂದು ಗಳಿಗೆ ಕೊಡ್ತೀರಾ?"

ಸಾಹೇಬರು ಕೊಟ್ಟರು. ತಂಬಿಗೆಯೊಳಗೆ ಬೀಡಿ ಹೋಯಿತು, ಕೆಂಡ ಕಪ್ಪಾಯಿತು. ಸಾಹೇಬರಿಗೆ ಅವಮಾನ. "ಅರೆ, ಇದು ಹಸಿ ಮಾಲು ಮೇಷ್ಟ್ರೇ. ಇಗೋ, ಅಸಲಿ ಬೀಡಿ ನೋಡಿ!" ಅದೂ ಆರಿತು. ಅಲ್ಲಿಗೆ ಗಂಡಸರೆಲ್ಲ ಎದ್ದರು. "ನಂದು ಆರಲ್ಲ ಕಣ್ಲಾ!" "ನಿಂದೇನ್ಲಾ, ನಂದು ನೋಡು!" ಪಾಠ ಹೋಗಿ ಪಂದ್ಯ ಆಯಿತು. ಹಿರಿಯ ಮೇಷ್ಟ್ರು ತಡೆಯಲಾರದೆ ತಮ್ಮ ಚುಟ್ಟಾನೇ ಇಳಿಸಿದರು. ಅದೂ ಆರಿದಾಗ ಸಿರಾ ಜನ ಕೂಗಿದ ಕೂಗಿಗೆ ಹೊರಗೆ ಕುದುರೆಗಳು ಕೆನೆದವು. ಗಾಳಿ ಇಲ್ಲದೆ ಬೆಂಕಿ ಇಲ್ಲ ಅಂತ ಅವತ್ತು ಎಲ್ಲರಿಗೂ ಇಳೀತು.

ಆದರೆ ಕೇಳಿ, ಅಸಲು ಸಂಗತಿ ಇನ್ನೂ ಇದೆ. ಕೊನೆಗೆ ಒಬ್ಬರು ಕೊಟ್ಟ ಬೀಡಿಯ ಕೆಂಡ ತಂಬಿಗೆಗೆ ಇಳಿಸೋ ಮೊದಲೇ ಮಂಕಾಗಿತ್ತು. ಕೆಂಡ ಹೊತ್ತಿಸೋಕೆ ಅಂತ ಅಳಿಯ ಮೈಮರೆತು ಅದನ್ನ ತುಟಿಗಿಟ್ಟು ಎಳೆದ. ಎಳೆದದ್ದೆಂದರೆ ಹೊಸಬರು ಎಳೆದು ಕೆಮ್ಮೋ ಹಾಗಲ್ಲ. ಕಣ್ಣು ಅರ್ಧ ಮುಚ್ಚಿ, ಆನಂದವಾಗಿ, ಮೂಗಿನ ಎರಡೂ ಹೊಳ್ಳೆಯಲ್ಲಿ ಹೊಗೆ ಬಿಟ್ಟ!

ಬಾಗಿಲ ಸಂದಿಯಲ್ಲಿ ಅತ್ತೆ ಗರಬಡಿದು ನಿಂತಳು. "ಲಿಂಗ ಕಟ್ಟಿದ ಮೈ! ಬೀಡಿ!"

ಮಗಳು ತಲೆ ಬಗ್ಗಿಸಿಕೊಂಡು, "ಅದು ನಂಗೊತ್ತಿತ್ತು ಬುಡವ್ವ" ಅಂದಳು. ಗಂಡ ಬಿಟ್ಟವಳಂತೆ! ಗಂಡನ ಬಾಯಿ ವಾಸನೆ ಗೊತ್ತಿರೋಷ್ಟು ಸರಿಯಾಗೇ ಇತ್ತು ಸಂಸಾರ.

ಪಾವಗಡ: ಕಂಬದ ಹಿಂದಿನ ಪಾಠ

ಇಲ್ಲಿ ಗೆದ್ದರೆ ಮೈಸೂರು, ಸೋತರೆ ಏನೂ ಇಲ್ಲ. ಅಳಿಯ ಪುಸ್ತಕದ ಕನ್ನಡ ಬಿಟ್ಟು ನಮ್ಮ ಹಾಗೇ ಮಾತಾಡೋದು ಕಲಿತಿದ್ದ. ಆದರೆ ಅವತ್ತು ಬಂದವರು ಮುಕ್ಕಾಲು ಪಾಲು ತೆಲುಗಿನವರು. ಅವನು ಬಾಯಿ ಬಿಟ್ಟ, ಅವರೂ ಬಾಯಿ ಬಿಟ್ಟುಕೊಂಡು ನೋಡಿದರು. ಹಿರಿಯರು ಗಡಿಯಾರ ತೆಗೆದರು.

ಅತ್ತೆಯ ತವರು ನಿಡುಗಲ್ಲು. ತೆಲುಗು ಅವಳಿಗೆ ನೀರು ಕುಡಿದ ಹಾಗೆ. ಕಂಬದ ಹಿಂದೆ ಚಡಪಡಿಸಿದಳು. ಅಳಿಯನ ಎದುರು ಹೋಗೋ ಹಾಗಿಲ್ಲ. ಕೊನೆಗೆ ಮುಖಕ್ಕೆ ಸೆರಗೆಳೆದು, ಕಂಬಕ್ಕೆ ಹೇಳೋ ಹಾಗೆ, ಅವನು ಹೇಳಿದ್ದನ್ನ ತೆಲುಗಲ್ಲಿ ಗಟ್ಟಿಯಾಗಿ ಹೇಳಿಯೇಬಿಟ್ಟಳು. ಜನ ಅಲುಗಿದರು. ಅಳಿಯ ಒಂದು ಮಾತು, ಕಂಬ ಒಂದು ಮಾತು. ನಡೀತು.

ಆದರೆ ಅವಳ ಹೊಟ್ಟೆಯಲ್ಲಿ ಸಿರಾದ ಹೊಗೆ ಇನ್ನೂ ಇತ್ತು. ಅಳಿಯ "ಗಾಳಿ ಇಲ್ಲದಿದ್ರೆ ಬೆಂಕಿ ನಿಲ್ಲಲ್ಲ" ಅಂದ. ಅವಳು ಅದನ್ನ ಹೇಳಿ, "ಈಯನ ಸಿರಾಲೋ ಬೀಡಿ ತಾಗಿನಾಡು!" ಅಂತ ಸೇರಿಸಿದಳು. ಇವನು ಸಿರಾದಲ್ಲಿ ಬೀಡಿ ಸೇದಿದ ಅಂತ! ಜನ ಹೋ ಅಂತ ನಕ್ಕರು. ಅಳಿಯನಿಗೆ ತೆಲುಗಿನ ಗಂಧವಿಲ್ಲ. ತನ್ನ ಮಾತಿಗೇ ನಕ್ಕರು ಅಂತ ಹುರುಪು ಬಂತು, ಕೈ ಬೀಸಿದ. "ನಾವು ಎಳೆಯೋ ಉಸಿರಿಗೂ ಅದೇ ಗಾಳಿ ಬೇಕು" ಅಂದ. ಅವಳು, "ಇವನು ಮೂಗಲ್ಲಿ ಉಸಿರು ಬಿಡಲ್ಲ, ಹೊಗೆ ಬಿಡ್ತಾನೆ, ನನ್ನ ಮಗಳ ಗತಿ ಏನಪ್ಪಾ" ಅಂತ ತೆಲುಗಲ್ಲಿ ಅಂದಳು. ಜನ ಬಿದ್ದು ಬಿದ್ದು ನಕ್ಕು ಹತ್ತಿರ ಸರಿದು ಕೂತರು. ನಾನು ನಗು ತಡೆಯೋಕೆ ಸೆರಗನ್ನೇ ಬಾಯಿಗೆ ತುರುಕಿಕೊಂಡೆ.

ಆಗ ಒಬ್ಬ ರೈತ ಎದ್ದ. ಕಣ್ಣೀರೊರೆಸಿಕೊಂಡು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದ. "ಅಂಗಾದ್ರೆ ಸಾಮಿ, ನೆಲದೊಳ್ಗೆ ರಾಗಿ ತುಂಬಿಡೋ ಹಗೇವು ತೆಗ್ದಾಗ ಒಳಕ್ಕೆ ಮೊದ್ಲು ದೀಪ ಬಿಡ್ತೀವಲ್ಲ, ಅದು ಆರಿದ್ರೆ ಮನ್ಸ ಇಳೀಬಾರ್ದು ಅನ್ನೋದು ಇದಕ್ಕೇಯಾ?"

ಅಳಿಯ ಕುಣಿದಾಡಿಬಿಟ್ಟ. "ಅದಕ್ಕೇ ಕಣಪ್ಪ, ಅದಕ್ಕೇ!" ಅಂದ. ಜನರೇ ಹಣತೆ ತಂದರು, ಜನರೇ ತಂಬಿಗೆ ಮುಚ್ಚಿದರು. ದೀಪ ಆರಿತು, ಯಾರೂ ಏಳಲಿಲ್ಲ, ಚಪ್ಪಾಳೆ ತಟ್ಟಿದರು. ಹಿರಿಯರು ಗಡಿಯಾರ ಜೇಬಿಗಿಟ್ಟು ಎದ್ದು ನಿಂತರು. "ಈಗ ನೀನು ಮೇಷ್ಟ್ರಾದೆಯಪ್ಪ. ಕಾಯಂ ಮಾಡಿಸೋದು ನನ್ನ ಜವಾಬ್ದಾರಿ. ವಿಲಾಯ್ತಿಗೂ ನಿನ್ನ ಹೆಸರೇ ಹೇಳ್ತೀನಿ" ಅಂದರು. ಹುಡುಗಿ ಮಂಗಳ ಹಾಡಿದಳು, ಎಂಥ ಕಳೆ ಆ ಹಾಡಿಗೆ! ಅಲ್ಲಿಂದ ಹೊಸ ಸೀರೆ ಉಟ್ಟು ಸೀದಾ ಗಂಡನ ಜೊತೆ ಮೈಸೂರಿನ ದಾರಿ ಹಿಡಿದಳು.

ನಾವಿಬ್ಬರು ಮಧುಗಿರಿಗೆ ಬಂದು ಎರಡು ಹೊತ್ತು ಕಳೆದಿರಲಿಲ್ಲ, ಬೀದಿಯಲ್ಲೆಲ್ಲ ಬೀಡಿ ಮಾತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಹೊಸಿಲ ಮುಂದೆ ಬಂದು ನಿಂತಳು. ನಾನು ಬಿಡ್ತೀನಾ? "ನನ್ ಮೇಲ್ಯಾಕೆ ಬರ್ತೀಯೇ? ಪಾವಗಡದ ಸಭೆಗೆಲ್ಲ ಸಾರಿದವಳು ನೀನಲ್ವಾ?" ಅಂದೆ.

ಮುಖಕ್ಕೆ ಹೊಡೆದ ಹಾಗೆ ಹೇಳಿದಳು ನೋಡಿ. "ತೆಲುಗಲ್ಲಿ ಹೇಳ್ದವಳು ನಾನು, ಕನ್ನಡದಲ್ಲಿ ಹೇಳ್ದವಳು ನೀನು. ಅಳಿಯಂದ್ರು ವಿಲಾಯ್ತಿಗೆ ಹೊಂಟವ್ರೆ. ಬಿರ್ರನೆ ಇಂಗ್ಲೀಷ್ ಕಲ್ತ್ಕಳೇ, ಅಲ್ಲಿ ಇನ್ನೂ ಯಾರ್ಗೂ ಗೊತ್ತಿಲ್ಲ!"