ನನ್ನ ರಾಗ ಕದ್ದ ಸಂಗೀತ ನಿರ್ದೇಶಕ

ಸಿಟ್ಟು ಮಾಡಿಕೊಳ್ಳುವವನಿಗೆ ನೆನಪು ಗಟ್ಟಿಯಿರಬೇಕು. ಯಾರು ಏನು ಮಾಡಿದರೆಂಬುದೇ ಮರೆತುಹೋದರೆ ಯಾರ ಮೇಲೆ ರೇಗುವುದು? ನನ್ನ ಕಷ್ಟವೇ ಬೇರೆ. ನನಗೆ ಸಿಟ್ಟು ಪೂರ್ತಿಯಿದೆ, ನೆನಪು ಮಾತ್ರ ಅರ್ಧ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದ ಮೇಲೆ, ಯಾರು ಏನೆಂದರೂ "ಆಧಾರ ಏನು?" ಎಂದು ಕೇಳುವ ಚಟ ಅಂಟಿಕೊಂಡಿದೆ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದ ಹೆಂಡತಿಗೂ ಆಧಾರ ಕೇಳಿ ಬೈಸಿಕೊಂಡವನು ನಾನು. ಈಗ ನನ್ನ ಮಾತಿಗೇ ಆಧಾರವಿಲ್ಲ.

ವಿಷಯ ಸದಾನಂದನದು. ತೊಂಬತ್ತೇಳನೇ ಇಸವಿಯಲ್ಲಿ ನಾವಿಬ್ಬರೂ ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಒಂದು ಶನಿವಾರ ಬೈಂದೂರಿನ ಅವನ ಮನೆಗೆ ಹೊರಟಿದ್ದೆವು. ಬಸ್ಸು ಮರವಂತೆ ದಾಟುವಾಗ ನಾನು ಕಿಟಕಿಗೆ ಮುಖವಿಟ್ಟು ಒಂದು ರಾಗ ಗುನುಗಿದೆ. ಸದಾನಂದ, "ಚಂದ ಇತ್ತ್ ಮಾರಾಯ, ಇನ್ನೊಂದ್ಸಲ ಹಾಡ್" ಎಂದ. ಎಂದನೆಂದೇ ನನ್ನ ನಂಬಿಕೆ. ಆಮೇಲೆ ಅವನು ಓದು ಬಿಟ್ಟು ಮದರಾಸಿಗೆ ಹೋದ. ಯಾರ್ಯಾರದೋ ಹಾಡಿಗೆ ಕೀಬೋರ್ಡ್ ನುಡಿಸಿದ. ಕೊಡೆಯ ಜಾಹೀರಾತಿಗೆ ರಾಗ ಹಾಕಿದ. ಅವನು ಸಂಗೀತ ಕೊಟ್ಟ ಮೊದಲ ಸಿನಿಮಾ ಡಬ್ಬದಿಂದ ಹೊರಗೇ ಬರಲಿಲ್ಲ. ಎರಡನೆಯದು ಬಂದು ಹೋದದ್ದು ಅವನ ಅಮ್ಮನಿಗೂ ಗೊತ್ತಾಗಲಿಲ್ಲ. ಊರಿಗೆ ಬಂದಾಗಲೆಲ್ಲ ನಮ್ಮ ಕುಂದಾಪುರದ ಮನೆಯಲ್ಲಿ ಬಂಗುಡೆ ಮೀನಿನ ಸಾರು ಉಂಡು, "ಒಂದ್ ಪದ ಹಿಟ್ ಆಯ್ಕ್ ಮಾರಾಯ, ಒಂದೇ ಒಂದ್" ಎಂದು ಗೆಲ್ಲುವ ಹಾಡಿಗಾಗಿ ಹಂಬಲಿಸುತ್ತಿದ್ದ. ನಾನು ಮರುಗುತ್ತಿದ್ದೆ. ಅವನು ಸೋಲುತ್ತಿದ್ದಷ್ಟು ಕಾಲ ನಮ್ಮ ಗೆಳೆತನಕ್ಕೆ ಯಾವ ಕೊರತೆಯೂ ಇರಲಿಲ್ಲ.

ಮೂರನೆಯ ಸಿನಿಮಾ ಗೆದ್ದಿತು. ಬ್ರಹ್ಮಾವರದ ಕಾಲೇಜಿಗೆ ಪಾಠ ಮಾಡಲು ಹೋಗುವ ಬಸ್ಸಿನಲ್ಲಿ ಅದರ ಹಾಡು ಕೇಳಿ ದಡಕ್ಕನೆ ಎದ್ದು ನಿಂತೆ. ನನ್ನ ರಾಗ! ಕಂಡಕ್ಟರ್, "ಎಂತ ಮಾಷ್ಟ್ರೇ, ಕೋಟ ಬಂದದ್ದಷ್ಟೇ, ಕೂಕಣಿ" ಎಂದ. ಕಾಲೇಜಿನಲ್ಲಿ, ಕ್ಷೌರದಂಗಡಿಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಕಳ್ಳತನದ ಸುದ್ದಿ ಹೇಳಿದೆ. ಯಾರೂ ಆಧಾರ ಕೇಳಲಿಲ್ಲ. ನಕ್ಕರು.

ಸಂಜೆ ಅವನಿಗೇ ಫೋನ್ ಮಾಡಿದೆ. ರಿಂಗಿನ ಬದಲು ಅದೇ ಹಾಡು! ಕದ್ದ ಮಾಲನ್ನು ಮಾಲೀಕನ ಕಿವಿಗೇ ಊದುವ ಸೊಕ್ಕು ನೋಡಿ. ನಡುವೆ ಫೋನ್ ಕಂಪನಿಯವಳೊಬ್ಬಳು, ಹಾಡು ಇಷ್ಟವಾದರೆ ಏನನ್ನೋ ಒತ್ತಿ ಎಂದಳು. ಅವಳ ಬಾಯಿ ಮುಚ್ಚಿಸಲು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದೆ. ಸದಾನಂದ ಫೋನ್ ಎತ್ತಲಿಲ್ಲ.

ವಾರ ಕಳೆದು ಹೆಂಡತಿ ಶ್ಯಾಮಲ ಪೇಟೆಯಿಂದ ಬಂದವಳೇ, "ಹ್ವಾಯ್, ಪದ ಕದ್ದ ಕದ್ದ ಅಂದ್ಕಂಡ್ ಊರೆಲ್ಲ ತಿರ್ಗ್ತ್ರಿ. ನಿಮ್ಗ್ ಫೋನ್ ಮಾಡ್ರೆ ಅದೇ ಪದ ಬತ್ತ್ ಅಲ್ದಾ!" ಎಂದಳು. ನಮಗೆ ಕರೆ ಮಾಡುವವರ ಕಿವಿಗೆ ಯಾವ ಹಾಡು ಬೀಳುತ್ತಿದೆಯೆಂದು ನಮಗೆ ಕೇಳಿಸುವುದಿಲ್ಲವಲ್ಲ! ಅಂದು ಸಿಟ್ಟಿನಲ್ಲಿ ಒತ್ತಿದ ಗುಂಡಿಗಳ ಫಲವಾಗಿ ಪ್ರಿನ್ಸಿಪಾಲರಿಂದ ಹಾಲಿನವನ ತನಕ ಎಲ್ಲರಿಗೂ ನಾನೇ ಆ ಹಾಡು ಉಣಬಡಿಸುತ್ತಿದ್ದೆ.

ಅದನ್ನು ಕಿತ್ತುಹಾಕಲು ಗುಂಡಿ ಒತ್ತುತ್ತಿರುವಾಗಲೇ ಸದಾನಂದನ ಫೋನ್ ಬಂತು.

"ನೀ ನನ್ ಮೇಲ್ ಸಿಟ್ ಮಾಡ್ಕಂಡಿದ್ದೆ ಅಂದ್ಕಂಡ್ ಸುದ್ದಿ ಇತ್ತ್. ಕಂಡ್ರೆ ನನ್ ಪದವೇ ಹಾಕ್ಕಂಡಿದ್ದೆ! ಕಣ್ಣಂಗ್ ನೀರ್ ಬಂತ್ ಮಾರಾಯ."

"ನಿನ್ ಪದವಾ? ಮರವಂತೆ ಬಸ್ಸಂಗೆ ನಾ ಹಾಡದ್ದ್ ಅಲ್ದಾ ಅದ್? ಕಳ್ಳ!"



"ನಂಗ್ ನೆನಪಿಲ್ಲ ಮಾರಾಯ," ಎಂದ ಮೆತ್ತಗೆ. "ಅವತ್ ಹ್ಯಾಂಗ್ ಹಾಡ್ದೆ, ಹಾಡ್ ಕಾಂಬ. ನಿಂದೇ ಆದ್ರೆ ನಾಕ್ ಜನ್ರ್ ಎದ್ರೇ ಹೇಳ್ತೆ."

ಇದಕ್ಕಾಗಿಯೇ ಕಾದಿದ್ದೆ. ಗಂಟಲು ಸರಿಮಾಡಿಕೊಂಡು ಹಾಡಿದೆ. ಪಲ್ಲವಿ ಸರಿಯಾಗಿಯೇ ಬಂತು. ಆದರೆ ಬಾಯಿ ಅಲ್ಲಿಗೆ ನಿಲ್ಲಲಿಲ್ಲ. ಸಿನಿಮಾದಲ್ಲಿ ಪಲ್ಲವಿ ಮುಗಿದೊಡನೆ ಬರುವ ವಯಲಿನನ್ನೂ ಕುಂಯ್ ಕುಂಯ್ ಎಂದು ಹಾಡಿ, ತಬಲಾದ ಎರಡು ಪೆಟ್ಟನ್ನೂ ಸೇರಿಸಿಬಿಟ್ಟೆ. ಗಾಬರಿಯಿಂದ ಆ ಶನಿವಾರದ ಬಸ್ಸನ್ನು ನೆನೆದರೆ ಅಲ್ಲೂ ವಯಲಿನ್ನೇ ಕೇಳುತ್ತಿತ್ತು. ಶ್ಯಾಮಲ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

"ವಯಲಿನ್ನೂ ನೀನೇ ಮಾಡದ್ದಾ ಮಾರಾಯ?" ಎಂದ ಸದಾನಂದ.

ಇಷ್ಟು ಸಿಟ್ಟು ಮಾಡಿಕೊಂಡ ಮೇಲೆ ಹಿಂದೆ ಸರಿಯುವುದು ಹೇಗೆ?

"ಹೌದ್" ಎಂದೆ.